ಪ್ರಾಮಾಣಿಕತೆಯ ಪ್ರಬಂಧವನ್ನು ಬರೆಯುವವರು ಯಾರು?

ನಿಮ್ಮ ಮನೆಯಲ್ಲಿ ಹೈಸ್ಕೂಲಿನಲ್ಲಿ ಓದುವ ಮಕ್ಕಳಿದ್ದರೆ, ಅಕ್ಟೋಬರ್ ತಿಂಗಳ ಕೊನೆಯ ಒಂದು ಸಂಜೆ ಈ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು: "ಅಪ್ಪಾ, ಭ್ರಷ್ಟಾಚಾರದ ಮೇಲೆ ಪ್ರಬಂಧ ಬರೀಬೇಕಂತೆ, ನಾಳೆಗೇ ಕೊಡ್ಬೇಕು. ಏನಾದ್ರೂ ಹೇಳ್ಕೊಡು." ಆಗ ನೀವು ಏನು ಮಾಡಿದಿರಿ ಎಂದು ನಾನು ಕೇಳುವುದಿಲ್ಲ. ಹಿಂದೆ ಪ್ರಬಂಧಮಾಲೆಯ ಪುಸ್ತಕವನ್ನು ಅಟ್ಟದಿಂದ ಇಳಿಸುತ್ತಿದ್ದೆವು. ಈಗ ಮೊಬೈಲಿಗೆ ವಿಷಯ ಹೇಳಿದರೆ ಸಾಕು, ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಸಿದ್ಧವಾಗಿ ಬರುತ್ತದೆ. ಮಗು ಅದನ್ನು ದುಂಡಗೆ ನಕಲು ಮಾಡಿ ಕೆಳಗೆ ತನ್ನ ಹೆಸರು ಬರೆಯುತ್ತದೆ. ವಿಷಯ ಯಾವುದು? ಪ್ರಾಮಾಣಿಕತೆ.

ಈ ಸ್ಪರ್ಧೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಸರ್ದಾರ್ ವಲ್ಲಭಭಾಯಿ ಪಟೇಲರ ಜನ್ಮದಿನ ಅಕ್ಟೋಬರ್ 31. ಆ ದಿನ ಬರುವ ವಾರವನ್ನು ಕೇಂದ್ರ ಜಾಗೃತ ಆಯೋಗವು ಜಾಗೃತಿ ಅರಿವು ಸಪ್ತಾಹವೆಂದು ಆಚರಿಸುತ್ತದೆ. ಬ್ಯಾಂಕುಗಳು, ಸಾರ್ವಜನಿಕ ಉದ್ದಿಮೆಗಳು, ಕೇಂದ್ರ ಸರ್ಕಾರದ ಕಚೇರಿಗಳು ತಮ್ಮ ಸುತ್ತಿನ ಶಾಲೆ ಕಾಲೇಜುಗಳಲ್ಲಿ ಪ್ರಬಂಧ, ಭಾಷಣ, ಭಿತ್ತಿಚಿತ್ರ ಮುಂತಾದ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಪ್ರತಿವರ್ಷ ಒಂದು ಘೋಷವಾಕ್ಯವಿರುತ್ತದೆ. 2019ರಲ್ಲಿ ಪ್ರಾಮಾಣಿಕತೆಯೇ ಜೀವನಕ್ರಮವಾಗಬೇಕೆಂಬ ಅರ್ಥದ ವಾಕ್ಯವಿತ್ತು. 2024ರಲ್ಲಿ ರಾಷ್ಟ್ರದ ಸಮೃದ್ಧಿಗೆ ಪ್ರಾಮಾಣಿಕತೆಯ ಸಂಸ್ಕೃತಿ ಎಂಬುದಿತ್ತು. ಹದಿನಾಲ್ಕು ವರ್ಷದ ಮಗುವಿಗೆ ಇಂಥ ವಾಕ್ಯ ಬಹಳ ದೊಡ್ಡದು. ಅದರೊಳಗೆ ಎಲ್ಲಿಂದ ಪ್ರವೇಶ ಮಾಡಬೇಕೆಂದು ತಿಳಿಯದೆಯೇ ಅದು ಪುಸ್ತಕದ ಕಡೆಗೆ ಕೈ ಚಾಚುತ್ತದೆ.

ಆಯೋಗದ ಇತಿಹಾಸದಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಸಂಗತಿಯುಂಟು. ಕೆ. ಸಂತಾನಂ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1964ರಲ್ಲಿ ಈ ಆಯೋಗ ಸ್ಥಾಪನೆಯಾದಾಗ ಅದರ ಮೊದಲ ಆಯುಕ್ತರಾದವರು ನಮ್ಮ ನಿಟ್ಟೂರು ಶ್ರೀನಿವಾಸರಾಯರು. ಅವರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ನೂರು ವರ್ಷ ದಾಟಿ ಬಾಳಿ 2004ರಲ್ಲಿ ತೀರಿಕೊಂಡರು. ಅವರು ಪುಸ್ತಕ ಪ್ರಕಾಶಕರೂ ಆಗಿದ್ದರು. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡದಲ್ಲಿ ಹೊರತಂದರು. ನಾವು ಮಾತನಾಡುತ್ತಿರುವ ವಿಷಯಕ್ಕೆ ಆ ಪುಸ್ತಕದಷ್ಟು ಹತ್ತಿರವಾದದ್ದು ಬೇರೊಂದಿಲ್ಲ.

ಅದರಲ್ಲಿ ಹೈಸ್ಕೂಲಿನ ಮೊದಲ ವರ್ಷದ ಒಂದು ಪ್ರಸಂಗ ಬರುತ್ತದೆ. ರಾಜಕೋಟೆಯ ಶಾಲೆಗೆ ಜೈಲ್ಸ್ ಎಂಬ ಇನ್ಸ್‌ಪೆಕ್ಟರ್ ಬಂದು ಐದು ಇಂಗ್ಲಿಷ್ ಪದಗಳ ಉಕ್ತಲೇಖನ ಕೊಟ್ಟರು. ಅದರಲ್ಲಿ 'ಕೆಟಲ್' ಎಂಬ ಪದವನ್ನು ಬಾಲಕ ಮೋಹನದಾಸ ತಪ್ಪಾಗಿ ಬರೆದ. ಪಕ್ಕದವನ ಸ್ಲೇಟು ನೋಡಿ ತಿದ್ದಿಕೋ ಎಂದು ಮೇಷ್ಟರೇ ಬೂಟಿನ ತುದಿಯಿಂದ ಸೂಚನೆ ಕೊಟ್ಟರು. ಹುಡುಗನಿಗೆ ಅದು ಅರ್ಥವೇ ಆಗಲಿಲ್ಲ. ನಕಲು ಮಾಡದಂತೆ ಕಾಯುವುದಕ್ಕಲ್ಲವೇ ಮೇಷ್ಟರು ಇರುವುದು ಎಂದು ಅವನ ತಿಳಿವಳಿಕೆ. ಉಳಿದ ಹುಡುಗರದೆಲ್ಲ ಸರಿಯಾಯಿತು, ಇವನೊಬ್ಬನೇ ದಡ್ಡನೆನಿಸಿಕೊಂಡ. ಇದಾದ ಮೇಲೂ ಆ ಮೇಷ್ಟರ ಬಗ್ಗೆ ತಮಗಿದ್ದ ಗೌರವ ಕಡಿಮೆಯಾಗಲಿಲ್ಲವೆಂದು ಗಾಂಧೀಜಿ ಬರೆಯುತ್ತಾರೆ. ನೀವು ಗಮನಿಸಬೇಕಾದದ್ದು ಈ ಕೊನೆಯ ಮಾತನ್ನು. ಹಿರಿಯರನ್ನು ಗೌರವಿಸಬೇಕು, ಆದರೆ ಅವರು ಹೇಳಿದ ತಪ್ಪನ್ನು ಮಾಡಬಾರದು. ಇವೆರಡನ್ನೂ ಒಂದೇ ಮನಸ್ಸಿನಲ್ಲಿ ಹಿಡಿದುಕೊಳ್ಳುವುದು ಹೇಗೆ? ನೀತಿಯ ಪ್ರಬಂಧ ಶುರುವಾಗಬೇಕಾದದ್ದು ಇಂಥ ಕಡೆಯಿಂದ.

ಇನ್ನು ನಮ್ಮ ಮಕ್ಕಳು ಬರೆಯುವುದು ಹೇಗಿರುತ್ತದೆ? ಒಮ್ಮೆ ಒಂದು ಶಾಲೆಯ ಸ್ಪರ್ಧೆಯಲ್ಲಿ ಪ್ರಬಂಧಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತಕ್ಕೂ ಹೆಚ್ಚಿದ್ದವು. ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಭ್ರಷ್ಟಾಚಾರವೆಂಬುದು ಒಂದು ಪೆಡಂಭೂತ ಎಂದೇ ಆರಂಭವಾಗಿದ್ದವು. ಒಂದರಲ್ಲೂ ಆ ಭೂತ ಬರೆದವರ ಮನೆಯ ಹೊಸ್ತಿಲು ದಾಟಿರಲಿಲ್ಲ. ರಾಜಕಾರಣಿಗಳ ಮನೆಯಲ್ಲೋ ಅಧಿಕಾರಿಗಳ ಮೇಜಿನ ಕೆಳಗೋ ಕುಳಿತಿತ್ತು. ಹರಿಶ್ಚಂದ್ರನೂ ಪುಣ್ಯಕೋಟಿಯೂ ತಪ್ಪದೆ ಬಂದಿದ್ದರು, ಬಂದು ಒಂದು ಸಾಲಿನಲ್ಲಿ ಹೋಗಿಬಿಟ್ಟಿದ್ದರು.

ಪುಣ್ಯಕೋಟಿಯನ್ನು ಅಷ್ಟು ಬೇಗ ಕಳುಹಿಸಬಾರದು. ಗೋವಿನ ಹಾಡು ನಮ್ಮೆಲ್ಲರಿಗೂ ಬಾಯಿಪಾಠ, ಆದ್ದರಿಂದಲೇ ಅದರ ಒಳಗಿನ ಕಷ್ಟ ನಮಗೆ ಕಾಣುವುದಿಲ್ಲ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಧರ್ಮ, ಸರಿ. ಹಾಲು ಕುಡಿಯುವ ಕರುವನ್ನು ಸಾಕುವುದು ಧರ್ಮವಲ್ಲವೇ? ಹಸಿದ ಹುಲಿಗೆ ಪ್ರಾಣಭಯದಲ್ಲಿ ಕೊಟ್ಟ ಮಾತಿಗೆ, ನೆಮ್ಮದಿಯಲ್ಲಿ ಕುಳಿತು ಕೊಟ್ಟ ಮಾತಿನಷ್ಟೇ ತೂಕವಿದೆಯೇ? ತಬ್ಬಲಿಯಾಗುವ ಕರುವನ್ನು ತನ್ನ ಒಡಹುಟ್ಟುಗಳಂಥ ಹಸುಗಳಿಗೆ ಒಪ್ಪಿಸಿ ಹೊರಡುತ್ತದಲ್ಲ, ಅಲ್ಲಿ ಆ ಹಸು ಎರಡು ಧರ್ಮಗಳನ್ನೂ ತನ್ನ ಕೈಲಾದಷ್ಟು ನಡೆಸಲು ನೋಡುತ್ತಿದೆ. ನಿಮ್ಮ ಮಗು ಹೀಗೆ ಪ್ರಶ್ನೆ ಕೇಳಿದರೆ ಅಧಿಕಪ್ರಸಂಗವೆಂದು ಗದರಿಸಬೇಡಿ. ಕಳ್ಳತನ ಕೆಟ್ಟದ್ದು ಎಂದು ಬರೆಯಲು ಯೋಚನೆಯೇನೂ ಬೇಕಿಲ್ಲ. ಎರಡು ಒಳ್ಳೆಯದರಲ್ಲಿ ಒಂದನ್ನು ಬಿಡಬೇಕಾದಾಗ ಏನು ಮಾಡುವುದು, ಏಕೆ, ಎಂಬಲ್ಲಿ ಯೋಚನೆ ಬೇಕು.

ಅಂಥ ಯೋಚನೆಗೆ ಅಂಕ ಕೊಡುವುದು ಹೇಗೆಂದು ಉಪಾಧ್ಯಾಯರು ಕೇಳಬಹುದು. ಕ್ರಮವಾದ ಅಳತೆಗೋಲೊಂದು ಈಗಾಗಲೇ ಬಳಕೆಯಲ್ಲಿದೆ. 1993ರಲ್ಲಿ ಬಲ್ಗೇರಿಯಾ ದೇಶದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಅಂತರರಾಷ್ಟ್ರೀಯ ತತ್ತ್ವಶಾಸ್ತ್ರ ಒಲಿಂಪಿಯಾಡ್ ಆರಂಭವಾಯಿತು. ಅಲ್ಲಿ ನಾಲ್ಕು ವಿಷಯಗಳನ್ನು ಕೊಡುತ್ತಾರೆ. ಅವು ಸಾಮಾನ್ಯವಾಗಿ ಯಾರಾದರೂ ಚಿಂತಕರ ಒಂದು ಮಾತು. ನೀತಿಗೆ ಸಂಬಂಧಿಸಿದ್ದೂ ಇರುತ್ತದೆ. ಒಂದನ್ನು ಆರಿಸಿಕೊಂಡು ನಾಲ್ಕು ಗಂಟೆಯಲ್ಲಿ, ಅಲ್ಲಿಯೇ ಕುಳಿತು ಬರೆಯಬೇಕು. ಬರೆದವರ ಹೆಸರು ತೀರ್ಪುಗಾರರಿಗೆ ತಿಳಿಯದು. ವಿಷಯಕ್ಕೆ ಹೊಂದಿದೆಯೇ, ಅದನ್ನು ಅರ್ಥ ಮಾಡಿಕೊಂಡಿದ್ದಾರೆಯೇ, ವಾದ ಒಪ್ಪುವಂತಿದೆಯೇ, ಒಂದಕ್ಕೊಂದು ಕೂಡಿಕೊಂಡಿದೆಯೇ, ಸ್ವಂತದ್ದೇನಾದರೂ ಇದೆಯೇ ಎಂದು ನೋಡುತ್ತಾರೆ. ಕೊಟ್ಟ ಮಾತನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ. ಅಕ್ಷರದ ಅಂದಕ್ಕೂ ಗಾದೆಗಳ ಸಂಖ್ಯೆಗೂ ಅಲ್ಲಿ ಅಂಕವಿಲ್ಲ. (ನಮ್ಮಲ್ಲಿ ಗಾದೆಗೆ ಅರ್ಧ ಅಂಕವೆಂದು ಕೆಲವರು ಲೆಕ್ಕ ಹಾಕುವುದನ್ನು ನಾನು ಕಂಡಿದ್ದೇನೆ.)

ಮೇಲೆ ಹೇಳಿದ ಆ ಮೂವತ್ತರಲ್ಲಿ ಒಂದು ಪ್ರಬಂಧ ಇನ್ನೂ ನೆನಪಿದೆ. ಹುಡುಗನೊಬ್ಬ ಬಸ್ಸಿನ ಅರ್ಧ ಟಿಕೆಟ್ಟಿನ ವಿಷಯ ಬರೆದಿದ್ದ. ಅವನಿಗೆ ಆಗ ಹನ್ನೆರಡು ತುಂಬಿತ್ತು. ಕಂಡಕ್ಟರ್ ಕೇಳಿದಾಗ ಅಪ್ಪ ಹನ್ನೊಂದು ಎಂದರು. ಕಂಡಕ್ಟರ್ ಇವನ ಮುಖ ನೋಡಿದರು, ಇವನು ಕಿಟಕಿಯ ಕಡೆ ತಿರುಗಿಕೊಂಡ. ಅಪ್ಪನದು ಕೂಲಿ ಕೆಲಸ. ಉಳಿದ ಹಣದಲ್ಲಿ ತಂಗಿಗೆ ಬಿಸ್ಕತ್ತು ಬಂತು. ಅಪ್ಪ ಮಾಡಿದ್ದು ತಪ್ಪೆಂದು ಹೇಳಲು ತನಗೆ ಬಾಯಿ ಬರುವುದಿಲ್ಲ, ಆದರೆ ತಾನು ಕಿಟಕಿಯ ಕಡೆ ತಿರುಗಿದ್ದು ಏಕೆಂದು ಈಗಲೂ ಯೋಚನೆಯಾಗುತ್ತದೆ, ಎಂದು ಬರೆದಿದ್ದ. ಒಂದೂವರೆ ಪುಟ, ತುಂಬ ಕಾಗುಣಿತದ ತಪ್ಪು. ಸರ್ದಾರ್ ಪಟೇಲರ ಹೆಸರೇ ಇರಲಿಲ್ಲ. ಜೊತೆಯ ಇಬ್ಬರು ತೀರ್ಪುಗಾರರು ವಿಷಯಾಂತರವೆಂದು ಅಂಕ ಕಳೆದರು. ನಾನು ಒಂದು ಮಾತು ಆಡಿ ನೋಡಿದೆ, ಊಟದ ಹೊತ್ತಾಗಿತ್ತು, ಅಂಕಪಟ್ಟಿಗೆ ರುಜು ಹಾಕಿದೆ. ಬಹುಮಾನ ಪೆಡಂಭೂತಕ್ಕೆ ಹೋಯಿತು. ಆ ಹುಡುಗ ಮುಂದಿನ ವರ್ಷ ಏನು ಬರೆದಿರಬಹುದೆಂದು ನೀವೇ ಊಹಿಸಿ.

ಮಕ್ಕಳಿಗೆ ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳಲು ಬರುತ್ತದೆ. ಅಣ್ಣನ ಇಪ್ಪತ್ತೈದು ರೂಪಾಯಿ ಸಾಲ ತೀರಿಸಲು ಅವನ ಕಡಗದ ಚಿನ್ನ ಕದ್ದ ಹದಿನೈದರ ಮೋಹನದಾಸ, ತಂದೆಯ ಎದುರು ನಿಂತು ಹೇಳುವ ಧೈರ್ಯವಿಲ್ಲದೆ ಚೀಟಿ ಬರೆದುಕೊಟ್ಟನಲ್ಲವೇ? ಹಾಸಿಗೆ ಹಿಡಿದಿದ್ದ ತಂದೆ ಅದನ್ನು ಓದಿ ಕಣ್ಣೀರಿಟ್ಟು ಹರಿದು ಹಾಕಿದರು, ಬೈಯಲಿಲ್ಲ.

ಆದ್ದರಿಂದ ಈ ಸಲ ಸಪ್ತಾಹ ಬಂದಾಗ ಪ್ರಬಂಧವನ್ನು ಮನೆಗೆ ಕೊಟ್ಟು ಕಳುಹಿಸದೆ ತರಗತಿಯಲ್ಲೇ ಬರೆಸುವಂತೆ ಶಾಲೆಯವರನ್ನು ಕೇಳಿ. ಮೇಷ್ಟರು ಹಿಂದಿನ ದಿನ ಒಂದು ಪೀರಿಯಡ್ ಮಕ್ಕಳೊಡನೆ ಈ ವಿಷಯ ಹರಟಿದರೆ ಸಾಕು, ಅಂಶಗಳನ್ನು ಬೋರ್ಡಿನ ಮೇಲೆ ಬರೆಯುವುದು ಬೇಡ. ಮನೆಯಲ್ಲೇ ಬರೆಯಬೇಕಾದರೆ, ನೀವು ಇಂಥ ಇಕ್ಕಟ್ಟಿನಲ್ಲಿ ಎಂದಾದರೂ ಸಿಕ್ಕಿದ್ದರೆ ಅದನ್ನು ಮಗುವಿಗೆ ಹೇಳಿ. ಪೆನ್ನು ಮಾತ್ರ ಅದರ ಕೈಯಲ್ಲೇ ಇರಲಿ. ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಅದರಲ್ಲಿ ನಿಮ್ಮ ಮನೆಯ ಅರ್ಧ ಟಿಕೆಟ್ಟಿನ ಸಂಗತಿ ಬಂದಿದ್ದರೆ ಅಳಿಸಲು ಹೇಳಬೇಡಿ.