ಹಡಗಿಳಿದು ಒಂದು ದಿನ ಟ್ಯಾಲಿನ್‌ನಲ್ಲಿ

ಕ್ರೂಸ್ ಅಂದ ಕೂಡಲೇ ನಮ್ಮಂಥವರಿಗೆ ನೆನಪಾಗೋದು ಸಿನಿಮಾ ಹಾಡುಗಳೇ. ಹಡಗಿನ ತುದಿಯಲ್ಲಿ ಹೀರೊಯಿನ್ ಕೈ ಚಾಚಿ ನಿಂತಿರೋದು, ಗಾಳಿಗೆ ದುಪಟ್ಟಾ ಹಾರೋದು. ಅದೆಲ್ಲ ನಮಗಲ್ಲ ಬಿಡಿ ಅಂತ ಸುಮ್ಮನಿದ್ದವಳು ನಾನು. ಆದರೆ ಈಗ ಯಾರ ಮನೆಗೆ ಹೋದರೂ ಮಗ ಸ್ಟಾಕ್‌ಹೋಮ್‌ನಲ್ಲಿ, ಮಗಳು ಹೆಲ್ಸಿಂಕಿಯಲ್ಲಿ. ಬೇಸಿಗೆಗೆ ಹೋದವರನ್ನು ‘ನಾಲ್ಕು ದಿನ ಹಡಗಲ್ಲಿ ಸುತ್ತಾಡಿ ಬನ್ನಿ’ ಅಂತ ಬಾಲ್ಟಿಕ್ ಸಮುದ್ರಕ್ಕೆ ಕಳಿಸಿಯೇಬಿಡ್ತಾರೆ. ನನ್ನ ನಾದಿನಿಯೂ ಹಾಗೇ ಮಾಡಿದಳು. ಹೊರಟವರು ನಾವು ನಾಲ್ಕು ಜನ. ಇವರು, ನಾನು, ಹತ್ತು ವರ್ಷದ ಮಗಳು ಮತ್ತು ಮೊಣಕಾಲು ನೋವಿನ ಅತ್ತೆ.

ಸ್ಟಾಕ್‌ಹೋಮ್ ಬಿಟ್ಟ ಮಾರನೆಯ ಬೆಳಿಗ್ಗೆ ನಮ್ಮ ಹಡಗು ನಿಂತಿದ್ದು ಎಸ್ಟೋನಿಯದ ರಾಜಧಾನಿ ಟ್ಯಾಲಿನ್‌ನಲ್ಲಿ. ಬೆಂಗಳೂರಿನ ಮುಂದೆ ತೀರಾ ಪುಟ್ಟ ಊರು, ಜನಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸು. ಆದರೆ ಅದರ ಹಳೆಯ ಪೇಟೆ 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಡೇನರು, ಜರ್ಮನ್ನರು, ಸ್ವೀಡರು, ರಷ್ಯನ್ನರು ಒಬ್ಬರ ಹಿಂದೊಬ್ಬರು ಬಂದು ಆಳಿಹೋದ ಬಂದರು ಇದು. ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಕೋಟೆಗೋಡೆ, ಇಪ್ಪತ್ತಕ್ಕೂ ಹೆಚ್ಚು ಬುರುಜು ಇನ್ನೂ ನಿಂತಿವೆ. ಕೈಯಲ್ಲಿರೋದು ಏಳೆಂಟು ಗಂಟೆ ಮಾತ್ರ. ನಾನೋ, ಹದಿನಾಲ್ಕು ಜಾಗಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ!

ಮೊದಲು ದುಡ್ಡಿನ ಮಾತು. ಹಡಗಿನವರು ‘ಶೋರ್ ಎಕ್ಸ್‌ಕರ್ಷನ್’ ಅಂತ ಬಸ್ ಟೂರ್ ಮಾರುತ್ತಾರೆ. ತಲೆಗೆ ಇಷ್ಟು ಯೂರೊ ಅಂತ ರೇಟು ನೋಡಿದರೆ ಎದೆ ಧಸಕ್ ಅನ್ನುತ್ತೆ. ಟ್ಯಾಲಿನ್‌ಗೆ ಅದು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಡಗುಕಟ್ಟೆಯಿಂದ ಹಳೆ ಪೇಟೆಯ ಬಾಗಿಲಿಗೆ ನಡೆದೇ ಹೋಗಬಹುದು, ಇಪ್ಪತ್ತು ನಿಮಿಷ ಸಾಕು. ಆದರೆ ಆ ಟೂರಿಗೆ ಒಂದು ಅನುಕೂಲ ಇದೆ. ಹಡಗಿನವರದೇ ಬಸ್ಸು ತಡವಾದರೆ ಹಡಗು ಕಾಯುತ್ತೆ. ನಮ್ಮಷ್ಟಕ್ಕೆ ನಾವೇ ಹೋಗಿ ತಡ ಮಾಡಿಕೊಂಡರೆ ಕಾಯೋದಿಲ್ಲ. ಈ ಮಾತು ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ಅವತ್ತು ತಿಂಡಿಗೆ ಹೋದರೆ ಆಗಲೇ ತಟ್ಟೆ ಎತ್ತುತ್ತಿದ್ದರು. ಇಳಿಯುವ ಕಡೆ ಕ್ಯೂ ಕೂಡ ಇರಲಿಲ್ಲ. ‘ನೋಡಿ, ಎಲ್ಲರಿಗಿಂತ ಮೊದಲು ರೆಡಿಯಾಗಿದ್ದೀವಿ’ ಅಂತ ಬೀಗಿದೆ ನಾನು.

ಪೇಟೆಗೆ ಹೋಗುವ ಕಡೆ ಮೊದಲು ಸಿಗೋದು ‘ದಪ್ಪ ಮಾರ್ಗರೆಟ್’. ಹೆಂಗಸಲ್ಲ ಮಾರಾಯ್ರೇ, ಬುರುಜು! ಸಮುದ್ರದ ಕಡೆಯ ಬಾಗಿಲನ್ನು ಕಾಯಲು ಕಟ್ಟಿದ ಗುಂಡಗಿನ ಕೊತ್ತಲ, ಈಗ ಹಡಗುಗಳ ಮ್ಯೂಸಿಯಂ. ಅಲ್ಲಿಂದ ಶುರುವಾಗೋದೇ ಪಿಕ್ ಬೀದಿ. ಪಿಕ್ ಅಂದರೆ ಉದ್ದ. ಎರಡೂ ಕಡೆ ಹಳೆಯ ವರ್ತಕರ ಮನೆಗಳು. ಕೆಳಗೆ ವಾಸ, ಮೇಲಿನ ಅಟ್ಟದಲ್ಲಿ ದಾಸ್ತಾನು. ಮೂಟೆ ಎಳೆದುಕೊಳ್ಳುತ್ತಿದ್ದ ತೊಲೆಗಳು ಕೆಲವು ಮನೆಗಳ ನೆತ್ತಿಯಲ್ಲಿ ಇನ್ನೂ ಇವೆ. ಹಾನ್ಸಿಯಾಟಿಕ್ ಲೀಗ್ ಅನ್ನೋ ವರ್ತಕರ ಒಕ್ಕೂಟಕ್ಕೆ ಸೇರಿದ ಊರಾಗಿತ್ತು ಇದು. ಉಪ್ಪು, ಬಟ್ಟೆ, ಮೀನು, ತುಪ್ಪಳಗಳ ಜೊತೆ ಕಾಳುಮೆಣಸೂ ಬರುತ್ತಿತ್ತು. ಮೆಣಸು ಬೆಳೆಯುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಲ್ಲಿ ತಾನೇ? ಇಲ್ಲಿನವರು ಕ್ರಿಸ್‌ಮಸ್‌ಗೆ ಮಾಡುವ ಬಿಸ್ಕತ್ತಿನ ಹೆಸರು ‘ಪಿಪರ್‌ಕೋಕ್’. ಆ ಪಿಪರ್‌ಗೂ ನಮ್ಮ ಹಿಪ್ಪಲಿಯ ಸಂಸ್ಕೃತ ಹೆಸರಾದ ಪಿಪ್ಪಲಿಗೂ ನಂಟಿದೆ. ಇದನ್ನು ಕೇಳಿ ಅತ್ತೆಗೆ ಖುಷಿಯೋ ಖುಷಿ.

ಭಾಷೆಯ ವಿಷಯಕ್ಕೆ ಬಂದರೆ, ಎಸ್ಟೋನಿಯದವರು ಎದುರು ಸಿಕ್ಕರೆ ‘ತೆರೆ’ ಅಂತಾರೆ, ಅಂದರೆ ನಮಸ್ಕಾರ. ಥ್ಯಾಂಕ್ಸ್‌ಗೆ ‘ಐತಾ’ ಅಂದ ಹಾಗೆ ಕೇಳಿಸುತ್ತೆ. ‘ಏನೈತೆ ಅಂತ ಕೇಳ್ತಾರೆ ಇವರು?’ ಅಂತ ಅತ್ತೆ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಸಿಕ್ಕವರಿಗೆಲ್ಲ ‘ಐತಾ, ಐತಾ’ ಅಂತ ಹೇಳಿ ಎಲ್ಲರ ಮುಖದಲ್ಲೂ ನಗು ಅರಳಿಸಿದರು. ಸಸ್ಯಾಹಾರಿಗಳು ಇನ್ನೆರಡು ಪದ ಕಲಿತಿಟ್ಟುಕೊಳ್ಳಿ. ‘ಲಿಹಾ’ ಅಂದರೆ ಮಾಂಸ, ‘ಕಲ’ ಅಂದರೆ ಮೀನು. ಇಂಗ್ಲಿಷ್ ಬಹಳ ಜನಕ್ಕೆ ಬರುತ್ತೆ, ಆದರೂ ಅಂಗಡಿಯ ಪೊಟ್ಟಣ ಓದುವಾಗ ಇದು ಉಪಯೋಗಕ್ಕೆ ಬಂತು.

ಪಿಕ್ ಬೀದಿಯ 59ನೇ ನಂಬರಿನ ಕಟ್ಟಡದ ಮುಂದೆ ಮಾತ್ರ ನಮ್ಮ ನಗು ನಿಂತಿತು. ಸೋವಿಯತ್ ಕಾಲದಲ್ಲಿ ಅದು ಕೆಜಿಬಿಯ ಮುಖ್ಯ ಕಚೇರಿ. ಒಳಗಿನವರ ಕೂಗು ಬೀದಿಗೆ ಕೇಳಬಾರದು ಅಂತ ನೆಲಮಾಳಿಗೆಯ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದರಂತೆ. ಹತ್ತಿರದಲ್ಲೇ ಸೇಂಟ್ ಓಲಾಫ್ ಚರ್ಚು, ಅದರ ಶಿಖರ 124 ಮೀಟರ್ ಎತ್ತರ. ಅದನ್ನೂ ಕೆಜಿಬಿ ರೇಡಿಯೊ ಕೆಲಸಕ್ಕೆ ಬಳಸಿಕೊಂಡಿತ್ತು. ಗೋಪುರ ಹತ್ತಲು ಇನ್ನೂರಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು. ಮಂಡಿ ಗಟ್ಟಿ ಇದ್ದವರು ಹತ್ತಿ. ನಾವು ಕೆಳಗಿನಿಂದಲೇ ಕೈ ಮುಗಿದೆವು.

ಟೌನ್‌ಹಾಲ್ ಚೌಕ ಊರಿನ ಹೃದಯ. 1404ರಲ್ಲಿ ಪೂರ್ಣವಾದ ಟೌನ್‌ಹಾಲ್ ಇನ್ನೂ ಗಟ್ಟಿಮುಟ್ಟಾಗಿದೆ. ಅದರ ಎದುರು ಮೂಲೆಯಲ್ಲೊಂದು ಔಷಧಿ ಅಂಗಡಿ ಇದೆ, ದಯವಿಟ್ಟು ತಪ್ಪಿಸಿಕೊಳ್ಳಬೇಡಿ. 1422ರ ದಾಖಲೆಯಲ್ಲೇ ಅದರ ಹೆಸರಿದೆ, ಇವತ್ತೂ ಅಲ್ಲಿ ಮಾತ್ರೆ ಸಿಗುತ್ತೆ. ಬುರ್ಖಾರ್ಟ್ ಅನ್ನೋ ಒಂದೇ ಮನೆತನದವರು ಹತ್ತು ತಲೆಮಾರು ಅದನ್ನು ನಡೆಸಿದ್ದಾರೆ. ಪಕ್ಕದ ಕೋಣೆಯಲ್ಲಿ ಹಳೇ ಕಾಲದ ಮದ್ದುಗಳನ್ನು ಜೋಡಿಸಿಟ್ಟಿದ್ದಾರೆ. ಅದರಲ್ಲಿ ಸುಟ್ಟ ಜೇನುನೊಣ ಕೂಡ ಒಂದು! ‘ನನ್ನ ಶುಂಠಿ ಕಷಾಯಕ್ಕೆ ಮೂಗು ಮುರೀತಿದ್ರಲ್ಲ, ಇದನ್ನ ನೋಡ್ರಪ್ಪಾ’ ಅಂದರು ಅತ್ತೆ.

ಇಷ್ಟರಲ್ಲೇ ಅವರ ನಡಿಗೆ ನಿಧಾನವಾಗಿತ್ತು. ಇಡೀ ಹಳೆ ಪೇಟೆಗೆ ಹಾಸಿರೋದು ಗುಂಡುಗುಂಡು ಕಲ್ಲು. ಅತ್ತೆ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ್ದರು, ಪುಣ್ಯ. ಆದರೂ ಪ್ರತಿ ಹೆಜ್ಜೆಗೂ ಮುಖ ಕಿವುಚುತ್ತಿದ್ದರು. ನಾನು ಮಾತ್ರ ‘ಇನ್ನು ಮೇಲಿನ ಊರು ನೋಡಲೇಬೇಕು’ ಅಂತ ಹಟ ಹಿಡಿದಿದ್ದೆ. ತೂಂಪೆಯಾ ಅನ್ನೋ ಗುಡ್ಡಕ್ಕೆ ಹತ್ತಲು ಎರಡು ದಾರಿ. ಒಂದರ ಹೆಸರು ‘ಉದ್ದ ಕಾಲು’, ಇನ್ನೊಂದು ‘ಗಿಡ್ಡ ಕಾಲು’. ನಮ್ಮೂರಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ, ಅದಕ್ಕೇ ಕುಂಟುತ್ತೆ ಅಂತ ಅಲ್ಲಿನವರೇ ತಮಾಷೆ ಮಾಡ್ತಾರೆ. ಗಿಡ್ಡ ಕಾಲಿನಲ್ಲಿ ಮೆಟ್ಟಿಲು, ಉದ್ದ ಕಾಲಿನಲ್ಲಿ ಇಳಿಜಾರು. ಮಂಡಿ ನೋವಿನವರಿಗೆ ಉದ್ದ ಕಾಲೇ ವಾಸಿ. ಅತ್ತೆಗೆ ಅದೂ ಆಗಲಿಲ್ಲ.

ಅಲ್ಲಿ ನಮ್ಮಿಬ್ಬರಿಗೂ ಸಣ್ಣದೊಂದು ಜಟಾಪಟಿಯೇ ಆಯ್ತು. ‘ಅಮ್ಮನ್ನ ಬಿಟ್ಟು ಹೇಗೇ ಹೋಗೋದು?’ ಅಂದರು ಇವರು. ‘ಇಷ್ಟು ದೂರ ಬಂದು ನೋಡದೇ ಹೋಗೋದಾ?’ ಅಂದೆ ನಾನು. ಕೊನೆಗೆ ಅತ್ತೆಯೇ, ‘ಜಗಳ ಆಡಬೇಡ್ರೋ, ನೀವು ಹೋಗ್ಬನ್ನಿ. ನನ್ನನ್ನ ಎಲ್ಲಾದ್ರೂ ಕೂರಿಸಿ’ ಅಂದರು. ಪಿಕ್ ಬೀದಿಯಲ್ಲೇ ಮಾಯಾಸ್ಮೋಕ್ ಅನ್ನೋ ಕೆಫೆ ಇದೆ. 1864ರಿಂದ ಅದೇ ಜಾಗದಲ್ಲಿರುವ ಕೆಫೆ. ಅಲ್ಲಿನ ವಿಶೇಷ ಮಾರ್ಜಿಪಾನ್, ನಮ್ಮ ಬಾದಾಮಿ ಬರ್ಫಿಯ ದೂರದ ನೆಂಟ. ಹಿಂದೆ ಅದನ್ನು ಔಷಧಿ ಅಂಗಡಿಯಲ್ಲೇ ಮಾರುತ್ತಿದ್ದರಂತೆ. ಕಾಫಿ, ಒಂದು ತುಂಡು ಮಾರ್ಜಿಪಾನ್ ಕೊಡಿಸಿ, ಕೈಗೆ ಹಡಗಿನ ಕಾರ್ಡು, ಸ್ವಲ್ಪ ಯೂರೊ, ನಮ್ಮ ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಹೊರಟೆವು. ಗುಡ್ಡ ಹತ್ತುವಾಗ ಎರಡು ಸಲ ಹಿಂದಿರುಗಿ ನೋಡಿದೆ.

ಮೇಲೆ ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚಿನ ಈರುಳ್ಳಿಯಾಕಾರದ ಗುಮ್ಮಟಗಳು, ಅದರೆದುರೇ ಪಾರ್ಲಿಮೆಂಟು. ಹತ್ತಿರದಲ್ಲಿ ‘ಉದ್ದ ಹರ್ಮನ್’ ಗೋಪುರ, ಅದರ ಮೇಲೆ ನೀಲಿ-ಕಪ್ಪು-ಬಿಳಿ ಬಾವುಟ. 1989ರ ಆಗಸ್ಟ್ 23ರಂದು ಈ ಗೋಪುರದ ಬುಡದಿಂದ ಲಾಟ್ವಿಯ ದಾಟಿ ಲಿಥುವೇನಿಯದ ವಿಲ್ನಿಯಸ್‌ವರೆಗೆ, ಆರುನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜನ ಕೈ ಕೈ ಹಿಡಿದು ನಿಂತಿದ್ದರು. ಸುಮಾರು ಇಪ್ಪತ್ತು ಲಕ್ಷ ಜನ ಅಂತಾರೆ. ಎರಡೇ ವರ್ಷದಲ್ಲಿ, 1991ರಲ್ಲಿ ಮತ್ತೆ ಸ್ವತಂತ್ರರಾದರು. ‘ಅಷ್ಟು ಜನ ಹೇಗಮ್ಮ ಸಾಲಾಗಿ ನಿಂತ್ರು? ನಮ್ ಸ್ಕೂಲ್ ಪ್ರೇಯರ್‌ನಲ್ಲೇ ನಿಲ್ಲಲ್ಲ’ ಅಂದಳು ಮಗಳು. ಕೋಹ್ತುಓತ್ಸ ಅನ್ನೋ ಕಟ್ಟೆಯಿಂದ ಕೆಂಪು ಹೆಂಚಿನ ಮಾಡುಗಳು, ಆಚೆ ಸಮುದ್ರ, ಅಲ್ಲಿ ನಮ್ಮ ಹಡಗು. ಫೋಟೊ ತೆಗೆದು ವಾಚು ನೋಡಿದೆ, ಮೂರು ಗಂಟೆಗೆ ಹತ್ತು ನಿಮಿಷ. ಎಲ್ಲರೂ ಹಡಗು ಹತ್ತಿರಬೇಕಾದ ಹೊತ್ತು ನಾಲ್ಕೂವರೆ. ಬೇಕಾದಷ್ಟು ಟೈಮಿದೆ ಅಂತ ನಿಧಾನಕ್ಕೆ ಇಳಿದೆವು.

ಕೆಫೆ ಹತ್ತಿರ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ, ಮುಖ ಸಣ್ಣಗಾಗಿದೆ. ‘ಏನಾಯ್ತತ್ತೆ?’ ಅಂದರೆ, ಎದುರಿನ ಚರ್ಚಿನ ಗೋಡೆಯತ್ತ ಕೈ ತೋರಿಸಿದರು. ಹೋಲಿ ಸ್ಪಿರಿಟ್ ಚರ್ಚಿನ ಗೋಡೆಯಲ್ಲಿ 17ನೇ ಶತಮಾನದ, ಕೆತ್ತನೆಯ ಚೌಕಟ್ಟಿನ ಚೆಂದದ ಗಡಿಯಾರ. ‘ಅದು ನಾಲ್ಕು ಗಂಟೆ ಅಂತಿದೆ ಕಣೇ. ನನ್ನ ವಾಚು ಮೂರು. ಒಳಗೆ ಕೇಳ್ದೆ, ಆ ಹುಡುಗಿನೂ ನಾಲ್ಕು ಅಂತ ಬೆರಳು ತೋರಿಸಿದ್ಳು!’

ಕಾಲಕೆಳಗಿನ ಕಲ್ಲು ಜಾರಿದ ಹಾಗಾಯ್ತು. ಎಸ್ಟೋನಿಯ ಸ್ವೀಡನ್‌ಗಿಂತ ಒಂದು ಗಂಟೆ ಮುಂದೆ. ‘ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಡಿ’ ಅಂತ ಹಿಂದಿನ ಸಂಜೆಯೇ ರೂಮಿಗೆ ಚೀಟಿ ಬಂದಿತ್ತು, ನಾನದನ್ನು ಓದದೇ ಬ್ಯಾಗಿಗೆ ತುರುಕಿದ್ದೆ. ಸಮುದ್ರದ ಮಧ್ಯೆ ರೋಮಿಂಗ್ ಬಿಲ್ ಬರುತ್ತೆ ಅಂತ ಇವರು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಹಾಗೇ ಬಿಟ್ಟಿದ್ದರು, ಅದರಲ್ಲೂ ಹಳೇ ಟೈಮೇ. ಅಂದಮೇಲೆ ಅತ್ತೆಗೆ ಕೊಟ್ಟ ಚೀಟಿಯ ನಂಬರಿಗೆ ಫೋನ್ ಬಂದಿದ್ದರೂ ನಮಗೆ ಸಿಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಲಸುತ್ತೆ. ಬೆಳಿಗ್ಗೆ ತಟ್ಟೆ ಎತ್ತುತ್ತಿದ್ದುದು, ಕ್ಯೂ ಇಲ್ಲದ್ದು ಯಾಕೆ ಅಂತ ಆಗ ಹೊಳೆಯಿತು. ನಾವು ಮೊದಲು ಇಳಿದವರಲ್ಲ, ಕೊನೆಗೆ ಇಳಿದವರು!

ಹಳೆ ಪೇಟೆಯೊಳಗೆ ಟ್ಯಾಕ್ಸಿ ಸುಲಭಕ್ಕೆ ಸಿಗೋಲ್ಲ. ಅತ್ತೆಯ ಒಂದು ರಟ್ಟೆ ಇವರು, ಇನ್ನೊಂದು ನಾನು ಹಿಡಿದು ವೀರು ಬಾಗಿಲವರೆಗೆ ನಡೆಸಿದೆವು. ಅವರು ಒಂದು ಸಲವೂ ‘ಅಮ್ಮಾ’ ಅನ್ನಲಿಲ್ಲ. ಅಲ್ಲಿ ಟ್ಯಾಕ್ಸಿ ಹಿಡಿದು ಹಡಗಿನ ಬಾಗಿಲಿಗೆ ಬಂದಾಗ ನಾಲ್ಕು ಇಪ್ಪತ್ತಾರು. ಒಳಗೆ ಬಂದ ಮೇಲೆ ಯಾರೂ ಯಾರಿಗೂ ಬೈಯಲಿಲ್ಲ, ಅದೇ ದೊಡ್ಡದು. ರಾತ್ರಿ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದೆ.

ಆದ್ದರಿಂದ, ಗೆಳತಿಯರೇ, ಹಡಗಿನಿಂದ ಇಳಿಯುವಾಗ ಬಾಗಿಲಲ್ಲಿರುವ ಸಿಬ್ಬಂದಿಯ ಗಡಿಯಾರಕ್ಕೆ ನಿಮ್ಮ ವಾಚು ಹೊಂದಿಸಿಕೊಳ್ಳಿ. ಕೆಲವು ಹಡಗುಗಳು ಊರಿನ ಟೈಮ್ ಬಿಟ್ಟು ತಮ್ಮದೇ ಟೈಮ್ ಇಟ್ಟುಕೊಳ್ಳುತ್ತವೆ, ‘ಶಿಪ್ ಟೈಮ್ ಯಾವುದು’ ಅಂತ ಬಾಯಿಬಿಟ್ಟು ಕೇಳಿ. ದಿನಾ ರೂಮಿಗೆ ಬರುವ ಹಾಳೆಯಲ್ಲಿ ಬಂದರಿನ ಏಜೆಂಟರ ನಂಬರೂ ಇರುತ್ತೆ. ಹಡಗು ತಪ್ಪಿದರೆ ಅವರೇ ಗತಿ, ಅದನ್ನು ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಜೆರಾಕ್ಸ್ ಪರ್ಸಿನಲ್ಲಿರಲಿ. ವೀಸಾ ಷೆಂಗೆನ್‌ದು ಬೇಕು. ಹಡಗು ಮಧ್ಯೆ ಬ್ರಿಟನ್‌ಗೆ ಹೋಗಿ ವಾಪಸ್ ಬರುವಂತಿದ್ದರೆ ‘ಮಲ್ಟಿಪಲ್ ಎಂಟ್ರಿ’ ಇದೆಯಾ ನೋಡಿ. ಹಳೆಯ ಪುಸ್ತಕಗಳಲ್ಲಿ ಬಾಲ್ಟಿಕ್ ಕ್ರೂಸ್ ಅಂದರೆ ಸೇಂಟ್ ಪೀಟರ್ಸ್‌ಬರ್ಗ್ ಇದ್ದೇ ಇರುತ್ತೆ. ಆದರೆ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ದೊಡ್ಡ ಕಂಪನಿಗಳ ಹಡಗುಗಳು ಅಲ್ಲಿಗೆ ಹೋಗೋದನ್ನು ನಿಲ್ಲಿಸಿದವು. ಜೂನ್-ಜುಲೈನಲ್ಲೂ ಅಲ್ಲಿ ಗಾಳಿ ತಣ್ಣಗೆ ಬೀಸುತ್ತೆ, ಮಳೆ ಹೇಳದೇ ಕೇಳದೇ ಬರುತ್ತೆ. ಸ್ವೆಟರ್, ಕೊಡೆ ಎರಡೂ ಇರಲಿ. ಹಿಮ್ಮಡಿ ಎತ್ತರದ ಚಪ್ಪಲಿ ಹಡಗಿನಲ್ಲೇ ಬಿಡಿ.

ಊಟಕ್ಕೆ ಚಿಂತೆ ಇಲ್ಲ. ಅಣಬೆ, ಎಲೆಕೋಸು ತುಂಬಿದ ‘ಪಿರುಕಸ್’ ಸಿಗುತ್ತೆ, ನಮ್ಮ ಪಫ್ ಥರ. ರೈ ಹಿಟ್ಟಿನ ಕಪ್ಪು ಬ್ರೆಡ್ ಸ್ವಲ್ಪ ಹುಳಿ. ಅತ್ತೆ ಅದಕ್ಕೆ ಬೆಣ್ಣೆ ಸವರಿ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಚೆನ್ನಾಗಿಯೇ ಇತ್ತು!

ಕೊಳ್ಳೋದಿದ್ದರೆ ವೀರು ಬಾಗಿಲ ಪಕ್ಕದ ಕೋಟೆಗೋಡೆಗೆ ಅಂಟಿಕೊಂಡು ಉಣ್ಣೆಯ ಅಂಗಡಿಸಾಲು ಇದೆ. ಕೈಗವಸು, ಟೋಪಿ, ಸ್ವೆಟರ್. ತಿರುವಿ ಒಳಮೈ ನೋಡಿ, ಕೈಹೆಣಿಗೆಯೋ ಮಿಷನ್ನಿನದೋ ಅಂತ ನಿಟ್ಟಿಂಗ್ ಬಲ್ಲವರಿಗೆ ಗೊತ್ತಾಗಿಬಿಡುತ್ತೆ. ಹಾಪ್ಸಲು ಅನ್ನೋ ಊರಿನ ಹೆಸರಿನ ಲೇಸ್ ಶಾಲು ಉಂಗುರದಲ್ಲಿ ತೂರುವಷ್ಟು ನವುರು, ಬೆಲೆಯೂ ಹಾಗೇ. ಜೂನಿಪರ್ ಮರದ ಸೌಟು, ಬಿಸಿ ಪಾತ್ರೆ ಇಡುವ ಮಣೆ ಅಗ್ಗಕ್ಕೆ ಸಿಗುತ್ತವೆ, ಒಳ್ಳೇ ಘಮ. ಅಕ್ಕಪಕ್ಕದ ಮನೆಯವರಿಗೆ ಕೊಡೋಕೆ ಹೇಳಿ ಮಾಡಿಸಿದ್ದು. ನಾವು ಆ ಸಾಲಿನ ಮುಂದೆ ಹಾದುಹೋಗಿದ್ದು ಓಡೋಡುತ್ತಾ, ಹಾಗಾಗಿ ಒಂದು ಕೈಗವಸೂ ಬರಲಿಲ್ಲ.

ಅತ್ತೆ ಮಾತ್ರ ಒಂದು ತಂದಿದ್ದರು. ಬೆಳಿಗ್ಗೆ ಸೂಪರ್ ಮಾರ್ಕೆಟ್‌ನಲ್ಲಿ ಕಂಡ ‘ಕಾಮಾ’ ಪೊಟ್ಟಣ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು. ಎಸ್ಟೋನಿಯದವರು ಅದನ್ನು ಹುಳಿ ಮಜ್ಜಿಗೆಗೆ ಕಲಸಿ ತಿಂತಾರೆ. ‘ಇದು ನಮ್ಮ ಹುರಿಹಿಟ್ಟೇ ಕಣೇ’ ಅಂತ ಬ್ಯಾಗಿಗೆ ಹಾಕಿಕೊಂಡಿದ್ದರು. ಊರಿಗೆ ಬಂದ ಮೇಲೆ ಬೆಲ್ಲ, ತುಪ್ಪ, ಏಲಕ್ಕಿ ಹಾಕಿ ಉಂಡೆ ಕಟ್ಟಿದರು. ಮೂರೇ ದಿನದಲ್ಲಿ ಡಬ್ಬಿ ಖಾಲಿ.