ಕಾಗದ ತಡೆದದ್ದು, ಬೆಟ್ಟ ತಡೆಯದ್ದು

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿಕೊಂಡವರಿಗೆಲ್ಲ ಈ ದೃಶ್ಯ ಪರಿಚಿತ. 'ಉಸಿರು ಬಿಗಿಹಿಡಿಯಿರಿ' ಎಂದು ಹೇಳಿದ ತಂತ್ರಜ್ಞರು ಗೋಡೆಯ ಮರೆಗೆ ಸರಿದುಬಿಡುತ್ತಾರೆ. ಮಗುವನ್ನು ಹಿಡಿದುಕೊಳ್ಳಲು ತಾಯಿ ಒಳಗೇ ಇರಬೇಕಾಗಿ ಬಂದರೆ ಆಕೆಗೆ ಭಾರವಾದ ಏಪ್ರನ್ ಒಂದನ್ನು ತೊಡಿಸುತ್ತಾರೆ. ಆ ಏಪ್ರನ್ನಿನ ಒಳಗಿರುವುದು ಸಾಮಾನ್ಯವಾಗಿ ಸೀಸ. ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಆ ಪದರ, ಕೋಣೆಯಲ್ಲಿ ಚದುರುವ ಎಕ್ಸ್-ಕಿರಣಗಳ ಬಹುಪಾಲನ್ನು ತಡೆಯುತ್ತದೆ.

ಹಾಗಾದರೆ ಸೀಸವೊಂದಿದ್ದರೆ ಎಲ್ಲ ವಿಕಿರಣದಿಂದಲೂ ಪಾರಾಗಬಹುದೇ? ಇಲ್ಲ. ಒಂದು ಬಗೆಯ ವಿಕಿರಣಕ್ಕೆ ಕಾಗದದ ಒಂದು ಹಾಳೆಯೇ ಸಾಕು. ಇನ್ನೊಂದಕ್ಕೆ ಸೀಸಕ್ಕಿಂತ ನೀರು ಮೇಲು. ಮತ್ತೊಂದಕ್ಕೆ ಕೋಲಾರದ ಬಂಡೆಯೂ ಸಾಲದು. ಯಾವುದಕ್ಕೆ ಯಾವುದು ಅಡ್ಡ ಎಂಬುದನ್ನು ಮನುಷ್ಯ ಕಲಿತ ಕಥೆ ಸ್ವಾರಸ್ಯದ್ದೂ ಹೌದು, ಸಂಕಟದ್ದೂ ಹೌದು.

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ 1895ರ ನವೆಂಬರ್ 8ರಂದು ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. ಅದರ ಬೆನ್ನಿಗೇ ಆತ ಮಾಡಿದ ಕೆಲಸವೆಂದರೆ ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಕಿರಣಕ್ಕೆ ಅಡ್ಡ ಹಿಡಿದು ನೋಡಿದ್ದು. ಸುಮಾರು ಸಾವಿರ ಪುಟಗಳ ಪುಸ್ತಕ, ಎರಡು ಕಟ್ಟು ಇಸ್ಪೀಟ್ ಎಲೆ, ಮರದ ಹಲಗೆ, ಎಲ್ಲವನ್ನೂ ಕಿರಣ ದಾಟಿತು. ಆದರೆ ಒಂದೂವರೆ ಮಿಲಿಮೀಟರ್ ದಪ್ಪದ ಸೀಸದ ಮುಂದೆ ಅದರ ಆಟ ಹೆಚ್ಚುಕಡಿಮೆ ನಿಂತಿತು. ಹೆಂಡತಿಯ ಕೈಯ ಚಿತ್ರ ತೆಗೆದಾಗ ಮೂಳೆಗಳೂ ಬೆರಳಿನ ಉಂಗುರವೂ ಕಪ್ಪು ನೆರಳಾಗಿ ಮೂಡಿದವು.

ಅಂದರೆ ಸೀಸದ ಗುಣ ಮೊದಲ ದಿನಗಳಲ್ಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದುದು, ಅದರ ಮರೆಯಲ್ಲಿ ತಾವೇ ನಿಲ್ಲಬೇಕು ಎಂಬ ಸಂಗತಿ. ಅಮೆರಿಕದ ಥಾಮಸ್ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿ ತನ್ನ ಕೈಗಳನ್ನೇ ಮತ್ತೆ ಮತ್ತೆ ಕಿರಣಕ್ಕೊಡ್ಡಿ ಪ್ರಯೋಗ ಮಾಡುತ್ತಿದ್ದ. ಕೈಗಳಲ್ಲಿ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕತ್ತರಿಸಿದರೂ ಜೀವ ಉಳಿಯಲಿಲ್ಲ. 1904ರಲ್ಲಿ ಆತ ಸತ್ತ. ಎಡಿಸನ್ ಎಕ್ಸ್-ಕಿರಣದ ಕೆಲಸವನ್ನೇ ಕೈಬಿಟ್ಟ. ಹೀಗೆ ಪ್ರಾಣ ತೆತ್ತ ವೈದ್ಯರು, ದಾದಿಯರು, ತಂತ್ರಜ್ಞರ ನೆನಪಿಗೆ 1936ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕ ನಿಂತಿತು.

ಮೂರು ಕಿರಣ, ಮೂರು ಅಡ್ಡಗೋಡೆ

ವಿಕಿರಣಗಳಿಗೆ ಆಲ್ಫಾ, ಬೀಟಾ ಎಂಬ ಹೆಸರು ಬಂದದ್ದೇ ಅವುಗಳನ್ನು ತಡೆಯುವ ಪ್ರಯತ್ನದಿಂದ. ಅರ್ನೆಸ್ಟ್ ರುದರ್‌ಫೋರ್ಡ್ ಯುರೇನಿಯಂ ಮೇಲೆ ತೆಳುವಾದ ಅಲ್ಯೂಮಿನಿಯಂ ಹಾಳೆಗಳನ್ನು ಒಂದೊಂದಾಗಿ ಪೇರಿಸುತ್ತ ಹೋದ. ಒಂದು ಬಗೆಯ ಕಿರಣ ಮೊದಲ ಕೆಲವು ಹಾಳೆಗಳಲ್ಲೇ ಸೋತಿತು. ಇನ್ನೊಂದು ಮುಂದೆ ಸಾಗಿತು. 1899ರಲ್ಲಿ ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಹೆಸರಿಟ್ಟ. ಮರುವರ್ಷ ಫ್ರಾನ್ಸಿನ ಪಾಲ್ ವಿಲ್ಲಾರ್ ಇವೆರಡನ್ನೂ ಮೀರಿ ನುಗ್ಗುವ ಮೂರನೆಯದನ್ನು ಕಂಡ. ಅದೇ ಗಾಮಾ.

ಆಲ್ಫಾ ಕಣ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು. ಜಾತ್ರೆಯ ನೂಕುನುಗ್ಗಲಿನಲ್ಲಿ ದೊಡ್ಡ ಮೂಟೆ ಹೊತ್ತವನು ಎಲ್ಲರಿಗೂ ತಾಗುತ್ತ ನಾಲ್ಕೇ ಹೆಜ್ಜೆಗೆ ಸುಸ್ತಾಗುವಂತೆ, ಇದು ದಾರಿಯ ಪರಮಾಣುಗಳಿಗೆಲ್ಲ ಶಕ್ತಿ ಕೊಡುತ್ತ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ಕಾಗದದ ಹಾಳೆ, ನಮ್ಮ ಚರ್ಮದ ಮೇಲಿನ ಸತ್ತ ಪದರ, ಯಾವುದಾದರೂ ಸಾಕು. ಆದರೆ ಆಲ್ಫಾ ಸೂಸುವ ವಸ್ತು ಹೊಟ್ಟೆಗೋ ಶ್ವಾಸಕೋಶಕ್ಕೋ ಹೋದರೆ ಅಲ್ಲಿ ಕಾಯುವ ಸತ್ತ ಚರ್ಮವಿಲ್ಲ. 1910 ಮತ್ತು 20ರ ದಶಕಗಳಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಅವರ ಮೂಳೆ ಸೇರಿತು. ದವಡೆಗಳು ಕೊಳೆತವು, ಹಲವರು ಸತ್ತರು.

ಬೀಟಾ ಎಂದರೆ ವೇಗದ ಇಲೆಕ್ಟ್ರಾನ್. ಇದಕ್ಕೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಅಥವಾ ಒಂದು ಸೆಂಟಿಮೀಟರಿನ ಪ್ಲಾಸ್ಟಿಕ್ ಹಲಗೆ ಸಾಕು. ಇಲ್ಲೊಂದು ವಿಚಿತ್ರವಿದೆ. ಶಕ್ತಿಶಾಲಿ ಬೀಟಾಕ್ಕೆ ನೇರವಾಗಿ ಸೀಸವನ್ನು ಅಡ್ಡ ಇಟ್ಟರೆ, ಇಲೆಕ್ಟ್ರಾನ್ ಅಲ್ಲಿ ಥಟ್ಟನೆ ತಡೆಯಲ್ಪಟ್ಟು ಹೊಸದಾಗಿ ಎಕ್ಸ್-ಕಿರಣ ಹುಟ್ಟುತ್ತದೆ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಮೊದಲು ಪ್ಲಾಸ್ಟಿಕ್, ಬೇಕಾದರೆ ಅದರಾಚೆಗೆ ಸೀಸ.

ಗಾಮಾಕ್ಕೆ ತೂಕವೂ ಇಲ್ಲ, ವಿದ್ಯುದಂಶವೂ ಇಲ್ಲ. ಇದು ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಕೋಬಾಲ್ಟ್-60ರ ಗಾಮಾ ಕಿರಣವನ್ನು ಅರ್ಧಕ್ಕಿಳಿಸಲು ಸುಮಾರು 1.2 ಸೆಂ.ಮೀ. ಸೀಸ ಬೇಕು, ಕಾಂಕ್ರೀಟ್ ಆದರೆ ಸುಮಾರು 6 ಸೆಂ.ಮೀ. ಇನ್ನೊಂದು ಅಂಥದೇ ಪದರ ಸೇರಿಸಿದರೆ ಉಳಿಯುವುದು ಕಾಲು ಭಾಗ. ಹತ್ತು ಪದರಗಳಾದರೆ ಸಾವಿರದಲ್ಲಿ ಒಂದು ಭಾಗ. ಸೊನ್ನೆ ಮಾತ್ರ ಎಂದೂ ಆಗುವುದಿಲ್ಲ. ಸೀಸದ ಪ್ರತಿ ಪರಮಾಣುವಿನಲ್ಲಿ 82 ಇಲೆಕ್ಟ್ರಾನ್‌ಗಳಿವೆ. ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಸಾಂದ್ರತೆ ಅದಕ್ಕಿದೆ. ಸ್ವಲ್ಪ ಜಾಗದಲ್ಲಿ ಹೆಚ್ಚು ಅಡ್ಡಿ ಒಡ್ಡಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ.

ಕವಚ ಬಿಚ್ಚಿದವರ ಪಾಡು

ಈ ಹೆಚ್ಚುಗಾರಿಕೆಗೊಂದು ಕೇಡೂ ಅಂಟಿಕೊಂಡಿದೆ. ಕವಚದ ಲೋಹಕ್ಕೆ ಗುಜರಿಯಲ್ಲಿ ಬೆಲೆಯಿದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಯಂತ್ರವೊಂದು ಹರಾಜಿನಲ್ಲಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಅದನ್ನು ಬಿಚ್ಚಿದಾಗ ಒಳಗಿದ್ದ ಕೋಬಾಲ್ಟ್-60 ಬಯಲಾಯಿತು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಸತ್ತ. ಅದಕ್ಕೂ ಮೊದಲು, 1987ರಲ್ಲಿ, ಬ್ರೆಜಿಲ್ಲಿನ ಗೊಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವನ್ನು ಹೀಗೆಯೇ ಒಡೆದಾಗ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಸೀಸಿಯಂ ಪುಡಿ ಸಿಕ್ಕಿತು. ಜನ ಅದನ್ನು ಬೆರಗಿನಿಂದ ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಬಾಲಕಿ. ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು.

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಟ್ಟಿದ ಕೂಡಲೇ ಸುಡುವುದೂ ಇಲ್ಲ. ಮೂರು ಎಸಳಿನ ಆ ಗುರುತು ಓದು ಬಾರದವರಿಗೆ ಫ್ಯಾನಿನ ರೆಕ್ಕೆಯಂತೆ ಕಂಡೀತು. ಅದಕ್ಕೆಂದೇ 2007ರಲ್ಲಿ ತಲೆಬುರುಡೆಯೂ ಓಡುತ್ತಿರುವ ಮನುಷ್ಯನೂ ಇರುವ ಕೆಂಪು ತ್ರಿಕೋನದ ಹೊಸ ಗುರುತೊಂದನ್ನು ಜಾರಿಗೆ ತರಲಾಯಿತು. ಇಂಥ ಗುರುತಿರುವ, ಗಾತ್ರಕ್ಕೆ ಮೀರಿ ಭಾರವಾದ ಪೆಟ್ಟಿಗೆ ಎಲ್ಲಾದರೂ ಕಂಡರೆ ಬಿಚ್ಚಬಾರದು. ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ದೂರವೂ ಒಂದು ಕವಚವೇ. ಚಿಕ್ಕ ವಸ್ತುವಿನಿಂದ ಎರಡರಷ್ಟು ದೂರ ಹೋದರೆ ಬೀಳುವ ವಿಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ನ್ಯೂಟ್ರಾನಿಗೆ ನೀರು

ಪರಮಾಣು ರಿಯಾಕ್ಟರಿನಲ್ಲಿ ಹುಟ್ಟುವ ನ್ಯೂಟ್ರಾನ್‌ಗಳ ದಾರಿಯೇ ಬೇರೆ. ಗೋಲಿ ಆಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಗೋಲಿ ಗುಂಡುಕಲ್ಲಿಗೆ ಬಡಿದರೆ ಅದೇ ವೇಗದಲ್ಲಿ ಪುಟಿದು ಬರುತ್ತದೆ. ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೇರ ಬಡಿದರೆ ತನ್ನ ವೇಗವನ್ನು ಅದಕ್ಕೆ ಕೊಟ್ಟು ನಿಂತುಬಿಡುತ್ತದೆ. ವೇಗದ ನ್ಯೂಟ್ರಾನಿಗೆ ಸೀಸದ ಪರಮಾಣು ಗುಂಡುಕಲ್ಲು. ಹೈಡ್ರೋಜನ್ ಪರಮಾಣು ತನ್ನಷ್ಟೇ ತೂಕದ ಗೋಲಿ. ಹೀಗಾಗಿ ಹೈಡ್ರೋಜನ್ ತುಂಬಿರುವ ನೀರು, ಮೇಣ, ಪಾಲಿಥಿನ್‌ಗಳು ನ್ಯೂಟ್ರಾನನ್ನು ಚೆನ್ನಾಗಿ ನಿಧಾನಿಸುತ್ತವೆ. ನಿಧಾನವಾದದ್ದನ್ನು ಬೋರಾನ್, ಕ್ಯಾಡ್ಮಿಯಂಗಳು ನುಂಗುತ್ತವೆ. ಕಾಂಕ್ರೀಟಿನೊಳಗೆ ನೀರಿನಂಶವೂ ಇದೆ, ತೂಕವೂ ಇದೆ. ನ್ಯೂಟ್ರಾನ್, ಗಾಮಾ ಎರಡಕ್ಕೂ ಒದಗುತ್ತದೆ, ಅಗ್ಗವೂ ಹೌದು. ನಮ್ಮ ಕೈಗಾ ಸೇರಿದಂತೆ ಎಲ್ಲ ಅಣುಸ್ಥಾವರಗಳಲ್ಲಿ ದಪ್ಪ ಕಾಂಕ್ರೀಟ್ ಗೋಡೆಗಳಿರಲು ಇದೂ ಒಂದು ಕಾರಣ.

ಕೋಲಾರದ ಆಳದಲ್ಲಿ

ಇನ್ನು ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಸಂಗತಿ. ವಾತಾವರಣದಲ್ಲಿ ಅವುಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು ಅಂಗೈ ಅಗಲದ ಜಾಗದ ಮೇಲೆ ನಿಮಿಷಕ್ಕೆ ನೂರರಷ್ಟು ಬೀಳುತ್ತವೆ. ಮನೆಯ ತಾರಸಿ ಅವನ್ನು ತಡೆಯಲಾರದು. ಅವುಗಳ ಗದ್ದಲದಿಂದ ದೂರವಾದ ಜಾಗ ಹುಡುಕುತ್ತ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದದ್ದು ಕೋಲಾರ ಚಿನ್ನದ ಗಣಿಗೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರಲ್ಲೊಬ್ಬರು. ಗಣಿಯಲ್ಲಿ ಕೆಳಗಿಳಿದಂತೆಲ್ಲ ಮ್ಯೂಆನ್‌ಗಳ ಎಣಿಕೆ ಇಳಿಯುತ್ತ ಹೋಗಿ, ತೀರ ಆಳದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಾಯಿತು.

ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಜೊತೆಗೂಡಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣ ಹೂಡಿ ಕಾದರು. ಅವರು ಕಾದದ್ದು ನ್ಯೂಟ್ರಿನೊ ಎಂಬ ಕಣಕ್ಕೆ. ಭೂಮಿಯ ಈ ಬದಿಯಿಂದ ಆ ಬದಿಗೆ ತಡೆಯಿಲ್ಲದೆ ಹಾಯುವ ಕಣ ಅದು. ಎಲ್ಲೋ ಅಪರೂಪಕ್ಕೊಂದು ಬಂಡೆಗೆ ಡಿಕ್ಕಿ ಹೊಡೆದು ಸುಳಿವು ಬಿಡುತ್ತದೆ. 1965ರಲ್ಲಿ ಆ ಸುಳಿವು ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಜಗತ್ತು ಮೊದಲು ಕಂಡದ್ದು ಹೀಗೆ.

2001ರ ಫೆಬ್ರುವರಿ 28ರಂದು ಕೋಲಾರದ ಗಣಿ ಮುಚ್ಚಿತು. ಅಲ್ಲಿಂದ ಎಷ್ಟು ಟನ್ ಚಿನ್ನ ಬಂತೆಂಬ ಲೆಕ್ಕ ಕೊಡುವವರು ಬಹಳ ಜನ. ಮಿಕ್ಕೆಲ್ಲ ಕಣಗಳನ್ನು ತಡೆದು, ತಡೆಯಲಾಗದ ಒಂದನ್ನು ತೋರಿಸಿಕೊಟ್ಟ ಆ ಬಂಡೆಯ ಹೆಸರೂ ಆ ಲೆಕ್ಕದ ಪುಸ್ತಕದಲ್ಲಿ ಇರಬೇಕು.