ಗಣಕಯಂತ್ರ ಕೊಳ್ಳುವ ಮುನ್ನ: ಇಂದಿನ ಬೆಲೆ, ನಾಳಿನ ವಿಸ್ತರಣೆ

ಪಹಣಿ ನೋಡುವುದು, ಬೆಳೆ ವಿಮೆಗೆ ಅರ್ಜಿ ಹಾಕುವುದು, ತೋಟದ ಖರ್ಚುವೆಚ್ಚ ಬರೆದಿಡುವುದು, ಮಕ್ಕಳ ವಿದ್ಯಾಭ್ಯಾಸ ಹೀಗೆ ನಾನಾ ಕಾರಣಗಳಿಂದ ಗಣಕಯಂತ್ರವು ಸಣ್ಣ ಬೆಳೆಗಾರರ ಮನೆಗೂ ಬಂದಿದೆ. ಒಂದು ಯಂತ್ರಕ್ಕೆ ನಲವತ್ತು, ಐವತ್ತು ಸಾವಿರ ರೂಪಾಯಿ ಕೊಡುವುದೆಂದರೆ ಎರಡು ಮೂರು ಎಕರೆ ತೋಟದವರಿಗೆ ಸಣ್ಣ ಮಾತಲ್ಲ. ಆದರೂ ಅಂಗಡಿಯಲ್ಲಿ ಹೇಳುವ ಬೆಲೆಯೊಂದನ್ನೇ ನೋಡಿ ಕೊಳ್ಳುವವರೇ ಹೆಚ್ಚು. ಆ ಯಂತ್ರ ಎಷ್ಟು ವರ್ಷ ದುಡಿಯುತ್ತದೆ, ಮುಂದೆ ಅದರ ಶಕ್ತಿಯನ್ನು ಹೆಚ್ಚಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನೂ ಮೊದಲೇ ವಿಚಾರಿಸುವುದು ಅಗತ್ಯ.

ಕೊಳವೆಬಾವಿ ಕೊರೆಸಿದವರಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಇಳಿಸಿದ ಕೇಸಿಂಗ್ ಪೈಪಿನ ಅಳತೆಯೇ ಮುಂದೆ ಎಷ್ಟು ದಪ್ಪದ ಪಂಪು ಇಳಿಯಬಹುದೆಂಬುದನ್ನು ನಿರ್ಧರಿಸುತ್ತದೆ. ಅಂದು ಉಳಿಸಿದ ಹಣ ಮುಂದೆ ದೊಡ್ಡ ಪಂಪು ಬೇಕಾದಾಗ ಅಡ್ಡ ಬರುತ್ತದೆ. ಗಣಕಯಂತ್ರದ ವಿಷಯವೂ ಹೀಗೆಯೇ.

ತಿಳಿದಿರಬೇಕಾದ ಮೂರು ಭಾಗಗಳು

ಲೆಕ್ಕಾಚಾರ ನಡೆಸುವ ಭಾಗ ಪ್ರೊಸೆಸರ್. ಕೆಲಸ ನಡೆಯುವಾಗ ಮಾಹಿತಿಯನ್ನು ಹರಡಿಕೊಳ್ಳುವ ಸ್ಥಳ ರ್‍ಯಾಮ್. ಇದನ್ನು ಅಡಿಕೆ ಒಣಹಾಕುವ ಕಣಕ್ಕೆ ಹೋಲಿಸಬಹುದು. ವಿದ್ಯುತ್ ಹೋದರೂ ಮಾಹಿತಿ ಉಳಿಯುವ ಸ್ಥಳ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ, ಇದು ಉಗ್ರಾಣವಿದ್ದಂತೆ. ನಾಲ್ಕೈದು ವರ್ಷ ಕಳೆದ ಯಂತ್ರ ನಿಧಾನವಾದರೆ ಅನೇಕ ವೇಳೆ ಸಾಲದೆ ಬರುವುದು ಕಣ ಮತ್ತು ಉಗ್ರಾಣವೇ ಹೊರತು ಪ್ರೊಸೆಸರ್ ಅಲ್ಲ. ಆದುದರಿಂದ ಈ ಎರಡನ್ನು ಬದಲಿಸಲು ಬರುವ ಯಂತ್ರಕ್ಕೆ ಆಯುಸ್ಸು ಹೆಚ್ಚು.

ಎರಡು ಮಾರ್ಗಗಳು

ಈ ಭೇದ ಹೊಸತಲ್ಲ. 1981ರ ಆಗಸ್ಟ್‌ನಲ್ಲಿ ಅಮೆರಿಕದ ಐಬಿಎಂ ಕಂಪನಿಯು ತಂದ ಪಿಸಿಯೊಳಗೆ ಹೆಚ್ಚುವರಿ ಕಾರ್ಡುಗಳನ್ನು ಸೇರಿಸಲು ಐದು ಖಾನೆಗಳಿದ್ದವು. ಅದರ ರಚನೆಯ ವಿವರವನ್ನೂ ಕಂಪನಿ ಪುಸ್ತಕರೂಪದಲ್ಲಿ ಪ್ರಕಟಿಸಿತು. ಇತರರು ಅದಕ್ಕೆ ಹೊಂದುವ ಬಿಡಿಭಾಗಗಳನ್ನೂ ಅದೇ ಮಾದರಿಯ ಯಂತ್ರಗಳನ್ನೂ ತಯಾರಿಸಿದರು. ಪೈಪೋಟಿಯಿಂದ ಬೆಲೆ ಇಳಿಯಿತು. 1984ರ ಜನವರಿಯಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್ ಬಳಕೆಗೆ ಬಹು ಸುಲಭವಾಗಿತ್ತು. ಆದರೆ ಅದರ ರ್‍ಯಾಮ್ 128 ಕಿಲೋಬೈಟ್ ಮಾತ್ರ. ಒಳಗೆ ಕಾರ್ಡು ಸೇರಿಸುವ ಖಾನೆಯೇ ಇರಲಿಲ್ಲ. ತೆರೆದ ಮಾರ್ಗ, ಮುಚ್ಚಿದ ಮಾರ್ಗ ಎಂಬ ಈ ಎರಡು ಬಗೆ ಇಂದಿಗೂ ಉಳಿದಿವೆ.

ಇಂದು ದೊರೆಯುವ ಬಗೆಗಳು

1. ಡೆಸ್ಕ್‌ಟಾಪ್ ಪಿಸಿ: ಬಿಡಿಭಾಗಗಳನ್ನು ಜೋಡಿಸಿದ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ರ್‍ಯಾಮ್, ಎಸ್‌ಎಸ್‌ಡಿ, ವಿದ್ಯುತ್ ಪೆಟ್ಟಿಗೆ ಎಲ್ಲವನ್ನೂ ಬದಲಿಸಬಹುದು. ಯಂತ್ರ ಹಳತಾದರೂ ಪರದೆ, ಕೀಲಿಮಣೆ ಉಳಿಯುತ್ತವೆ. ವೋಲ್ಟೇಜ್ ಏರಿಳಿತವಿರುವ ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಯುಪಿಎಸ್ ಬೇಕೇ ಬೇಕು. ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.

2. ಲ್ಯಾಪ್‌ಟಾಪ್: ಕರೆಂಟು ಹೋದರೂ ಬ್ಯಾಟರಿಯಿಂದ ನಡೆಯುತ್ತದೆ. ಆದರೆ ಎಲ್ಲ ಮಾದರಿಗಳೂ ಒಂದೇ ಅಲ್ಲ. ಕೆಲವುಗಳಲ್ಲಿ ರ್‍ಯಾಮ್‌ಗೆ ಪ್ರತ್ಯೇಕ ಖಾನೆಯಿದೆ. ತೆಳ್ಳನೆಯ ಅನೇಕ ಮಾದರಿಗಳಲ್ಲಿ ಅದನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ.

3. ಮ್ಯಾಕ್: ವೇಗ ಹೆಚ್ಚು, ವಿದ್ಯುತ್ ಖರ್ಚು ಕಡಿಮೆ. ಆದರೆ 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಿ ರ್‍ಯಾಮ್ ಅನ್ನು ಆಮೇಲೆ ಹೆಚ್ಚಿಸಲಾಗದು. 2024ರ ನವೆಂಬರಿನಲ್ಲಿ ಮಾರಾಟಕ್ಕೆ ಬಂದ ಮ್ಯಾಕ್ ಮಿನಿಯ ಆರಂಭಿಕ ಬೆಲೆ ಭಾರತದಲ್ಲಿ 59,900 ರೂಪಾಯಿ ಇತ್ತು. ಉಗ್ರಾಣವನ್ನು 256ರಿಂದ 512 ಗಿಗಾಬೈಟ್‌ಗೆ ಏರಿಸಿದ ಮಾದರಿಗೆ 79,900 ರೂಪಾಯಿ. ಮುಂದೆ ಬೇಕಾಗುವುದನ್ನು ಮೊದಲ ದಿನವೇ, ಕಂಪನಿ ಹೇಳಿದ ಬೆಲೆಗೇ ಕೊಳ್ಳಬೇಕಾದ ಪದ್ಧತಿ ಇದು.

4. ಕ್ರೋಮ್‌ಬುಕ್: ಬೆಲೆ ಸಾಮಾನ್ಯವಾಗಿ ಕಡಿಮೆ, ಇಂಟರ್‌ನೆಟ್ ಮೂಲಕ ಮಾಡುವ ಕೆಲಸಕ್ಕೆ ಸಾಕು. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ತಂತ್ರಾಂಶದ ನವೀಕರಣ ದೊರೆಯುತ್ತದೆ. ಆದರೆ ಈ ಅವಧಿಯನ್ನು ಎಣಿಸುವುದು ಆ ಬಗೆಯ ಯಂತ್ರ ಮೊದಲು ಹೊರಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ.

ಯಾವ ಬಗೆಯಾದರೂ ನಮ್ಮ ಕೆಲಸದ ತಂತ್ರಾಂಶ ಅದರಲ್ಲಿ ನಡೆಯಬೇಕು. ಅನೇಕ ಸಂಸ್ಥೆಗಳು ಲೆಕ್ಕಪತ್ರಕ್ಕೆ ಬಳಸುವ, ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶವನ್ನು ವಿಂಡೋಸ್‌ಗಾಗಿ ರಚಿಸಲಾಗಿದೆ. ಯೂನಿಕೋಡ್ ಕನ್ನಡವಂತೂ ಮೇಲಿನ ಎಲ್ಲ ಬಗೆಗಳಲ್ಲೂ ಮೂಡುತ್ತದೆ.

ಸಿಂಪ್ಯೂಟರ್ ಕಲಿಸಿದ ಪಾಠ

ಬೆಲೆ ಅಗ್ಗವಾದರೆ ಸಾಕೇ? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ಹಳ್ಳಿಗರಿಗಾಗಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ಸುಮಾರು 9,000 ರೂಪಾಯಿಗೆ ಕೊಡಬೇಕೆಂಬುದು ಗುರಿ. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸುವಂತೆ ಯೋಜಿಸಲಾಗಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸಕ್ಕೂ ಅದನ್ನು ಬಳಸಿ ನೋಡಿತು. ಉದ್ದೇಶ ಮೆಚ್ಚತಕ್ಕದ್ದೇ, ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬಿಡಿಭಾಗ, ದುರಸ್ತಿ, ತಂತ್ರಾಂಶ ಮೂರೂ ಊರಿನ ಸಮೀಪ ಸಿಗುವಷ್ಟು ಹರಡದ ಯಂತ್ರವನ್ನು ನೆಚ್ಚುವುದು ಕೊಳ್ಳುವವನಿಗೆ ಕಷ್ಟ. ಐಮಂಗಲದವರಿಗೆ ಒಂದು ಕಡೆ ಹಿರಿಯೂರು, ಇನ್ನೊಂದು ಕಡೆ ಚಿತ್ರದುರ್ಗ. ಅಲ್ಲಿ ಬಿಚ್ಚಿ ಸರಿಪಡಿಸಬಲ್ಲ ಯಂತ್ರವೇ ನಮಗೆ ಅನುಕೂಲ.

ಹಳೆಯ ಯಂತ್ರ ಉಳ್ಳವರಿಗೆ

ವಿಂಡೋಸ್ 10ಕ್ಕೆ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರೂ ಬೇಕು. ಇವು ಇದ್ದರೆ ರ್‍ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ ಬಳಸಬಹುದು. ಇಲ್ಲದಿದ್ದರೂ ಗುಜರಿಗೆ ಹಾಕಬೇಕಾಗಿಲ್ಲ. ಬೆಲೆಯಿಲ್ಲದೆ ದೊರೆಯುವ ಉಬುಂಟುವಿನಂತಹ ಲಿನಕ್ಸ್ ಹಾಕಿಸಿದರೆ ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು, ಪಹಣಿ ನೋಡಲು ಸಾಕಾಗುತ್ತದೆ. ಯಾವುದನ್ನು ಮಾಡಿಸುವ ಮೊದಲೂ ದಾಖಲೆಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.

ವರ್ಷದ ಲೆಕ್ಕ

ಒಂದು ಡೆಸ್ಕ್‌ಟಾಪಿಗೆ 40,000, ಯುಪಿಎಸ್‌ಗೆ 5,000, ನಾಲ್ಕನೆಯ ವರ್ಷ ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ 7,000, ಒಟ್ಟು 52,000 ರೂಪಾಯಿ ಆಯಿತೆಂದಿಟ್ಟುಕೊಳ್ಳೋಣ. ಅದು ಎಂಟು ವರ್ಷ ದುಡಿದರೆ ವರ್ಷಕ್ಕೆ ಬೀಳುವುದು 6,500. ಏನನ್ನೂ ಬದಲಿಸಲಾಗದ 45,000ದ ಲ್ಯಾಪ್‌ಟಾಪ್ ಐದೇ ವರ್ಷಕ್ಕೆ ಸಾಲದೆ ಬಂದರೆ ವರ್ಷಕ್ಕೆ 9,000. ಮೊದಲು ಅಗ್ಗವೆನಿಸಿದ್ದೇ ಕೊನೆಗೆ ದುಬಾರಿ. ಹಾಗೆಂದು ಬಹಳ ಹಳೆಯ ಯಂತ್ರಕ್ಕೆ ಹಣ ಸುರಿಯುತ್ತಲೂ ಇರಬಾರದು. ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚು ಬರುವುದಾದರೆ ಹೊಸದನ್ನು ಕೊಳ್ಳುವುದೇ ಲೇಸು.

ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ರ್‍ಯಾಮ್ ಬೆಸುಗೆ ಹಾಕಿದ್ದೇ, ಖಾನೆಯಲ್ಲಿ ಕೂರಿಸಿದ್ದೇ? ಖಾಲಿ ಖಾನೆ ಇದೆಯೇ? ಗರಿಷ್ಠ ಎಷ್ಟರವರೆಗೆ ಏರಿಸಬಹುದು?
2. ಎಸ್‌ಎಸ್‌ಡಿ ಬದಲಿಸಲು ಬರುತ್ತದೆಯೇ?
3. ತಂತ್ರಾಂಶದ ನವೀಕರಣ ಯಾವ ವರ್ಷದವರೆಗೆ ದೊರೆಯುತ್ತದೆ?
4. ನಾವೇ ರ್‍ಯಾಮ್ ಹಾಕಿಸಿದರೆ ಗ್ಯಾರಂಟಿ ಉಳಿಯುತ್ತದೆಯೇ?
5. ದುರಸ್ತಿ ಇಲ್ಲಿಯೇ ಆಗುತ್ತದೆಯೇ, ಬೆಂಗಳೂರಿಗೆ ಕಳುಹಿಸಬೇಕೇ?

ಉತ್ತರಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಒಳ್ಳೆಯದು. ಎರಡು ಅಂಗಡಿಗಳಲ್ಲಿ ವಿಚಾರಿಸಿ, ವರ್ಷದ ಲೆಕ್ಕ ಹಾಕಿ, ಆನಂತರ ಹಣ ಕೊಡಿ.